ಬೆಳಕ್ ಮಾಡ್ಬೇಡ, ಮೀನ್ ಓಡ್ತ್

ಅಮೆರಿಕದ ಫ್ಲೋರಿಡಾದ ಇಂಡಿಯನ್ ರಿವರ್ ಲಗೂನಿನಲ್ಲಿ, ಅಂದರೆ ಅಲ್ಲಿನ ಹಿನ್ನೀರಿನಲ್ಲಿ, ಜುಲೈ ಅಮಾವಾಸ್ಯೆಯ ರಾತ್ರಿ ಕಯಾಕ್ ಎಂಬ ಸಣ್ಣ ದೋಣಿ ಇಳಿಸಿದರೆ, ಹುಟ್ಟು ಹಾಕಿದಲ್ಲೆಲ್ಲ ನೀಲಿ ಬೆಳಕು ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ನೀರು ಅಲುಗಿದ ಕೂಡಲೇ ಹೊಳೆಯುತ್ತವೆ. ಮುಲೆಟ್ ಮೀನಿನ ಹಿಂಡು ಓಡಿದರೆ ನೀರೊಳಗೆ ಸುರುಸುರು ಕಡ್ಡಿ ಹಚ್ಚಿದ ಹಾಗೆ. ಒಮ್ಮೆ ದೋಣಿಯಷ್ಟೇ ದೊಡ್ಡ ಬೆಳಕೊಂದು ನಿಧಾನಕ್ಕೆ ನನ್ನ ಅಡಿಯಿಂದ ಹಾದುಹೋಯಿತು. ಎದೆ ಧಸಕ್ ಎಂದಿತು. ಮ್ಯಾನಟೀ, ಅಂದರೆ ಕಡಲ ಹಸು. ಪಾಪದ ಪ್ರಾಣಿ, ಹುಲ್ಲು ತಿನ್ನುವಂಥದ್ದು.

ನಾನು ಕುಂದಾಪುರದ ಹತ್ತಿರದ ಗಂಗೊಳ್ಳಿ ಕಡೆಯವನು. ಪಂಚಗಂಗಾವಳಿ ಹೊಳೆಯಲ್ಲಿ ರಾತ್ರಿ ದೋಣಿ ಹತ್ತಿದರೆ ಅಪ್ಪಯ್ಯ ಟಾರ್ಚ್ ಮುಟ್ಟಲು ಬಿಡುತ್ತಿರಲಿಲ್ಲ. "ಬೆಳಕ್ ಮಾಡ್ಬೇಡ, ಮೀನ್ ಓಡ್ತ್" ಅನ್ನುತ್ತಿದ್ದರು. ಇಲ್ಲೂ ಅದೇ ಮಾತು. ಉಳಿದದ್ದೆಲ್ಲ ಬೇರೆ.

ಇಲ್ಲಿ ಕಯಾಕಿನಲ್ಲಿ ಗಾಳದ ಜೊತೆ ಅಳತೆಪಟ್ಟಿ ಇರಲೇಬೇಕು. ಸ್ನೂಕ್ ಮೀನು, ಹಿಡಿಯಲು ಬಿಡುವ ತಿಂಗಳುಗಳಲ್ಲಿ ಸಿಕ್ಕಿದರೂ, 28ರಿಂದ 32 ಇಂಚಿನೊಳಗಿದ್ದರೆ ಮಾತ್ರ ಮನೆಗೆ, ಅದೂ ದಿನಕ್ಕೆ ಒಂದೇ. ನೀರಿನೊಳಗಿನ ಹುಲ್ಲು ಸತ್ತು ಲಗೂನು ಸೊರಗಿದ್ದರಿಂದ, 2022ರ ಸೆಪ್ಟೆಂಬರಿನಲ್ಲಿ ಇಲ್ಲಿ ರೆಡ್‌ಫಿಶ್ ಹಿಡಿದರೂ ವಾಪಸ್ ಬಿಡಬೇಕೆಂಬ ನಿಯಮ ಬಂತು. ನಾನೊಂದು ಬಿಟ್ಟೆ. ಬಾಲದ ಬುಡದಲ್ಲಿ ಕಪ್ಪು ಬೊಟ್ಟು, ಮೊಳಕ್ಕಿಂತ ಉದ್ದ. ಕೈ ಒದ್ದೆ ಮಾಡಿಕೊಂಡು ನೀರಲ್ಲಿ ಹಿಡಿದುಕೊಂಡೆ. ಬಾಲ ಕೊಡವಿ ಹೋಯಿತು, ಹಿಂದೆ ನೀಲಿ ಗೆರೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಹಿಡ್ದ್ ಮೀನ್ ಬಿಡುದಾ? ಮರ್ಲಾ ನಿಂಗೆ?"

ಅಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. ಒಂದೊಂದೇ ಮೀನು ಅಳೆಯುವ ಕಾನೂನು ರಜೆಯಲ್ಲಿ ಗಾಳ ಹಾಕುವ ನನ್ನಂಥವನಿಗೆ ಸರಿ, ಬಲೆಯನ್ನೇ ನಂಬಿದವನಿಗೆ ಅಲ್ಲ. ಇಲ್ಲೂ ಅಂಥವರಿದ್ದರು. 1994ರಲ್ಲಿ ಜನ ಮತ ಹಾಕಿ, ಮರುವರ್ಷದಿಂದ ಮೀನು ಸಿಕ್ಕಿಬೀಳುವ ದೊಡ್ಡ ಬಲೆಗಳನ್ನು ನಿಲ್ಲಿಸಿದರು. ಬೀಸುಬಲೆ ಉಳಿಯಿತು. ಬಲೆ ಹೋದವರು ಏನು ಮಾಡಿದರೋ, ಕಯಾಕ್ ಬಾಡಿಗೆಗೆ ಕೊಡುವವರು ಆ ಮಾತೇ ಎತ್ತುವುದಿಲ್ಲ.

ನಮ್ಮಲ್ಲಿ ರಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆಯಲು ಕೈ ಹಾಕಿದವರಿಗೆಲ್ಲ ಪಾಲಿತ್ತು. ಎಪ್ಪತ್ತರ ದಶಕದಲ್ಲಿ ಬೋಟಿನಿಂದ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಸೊರಗಿತು. ಆದರೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ನಾನಿಲ್ಲಿ ಹುಟ್ಟು ಹಾಕುವ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ. ಇಡೀ ಕಡಲಿಗೇ ಬಿಡುವು ಕೊಡುವ ಆ ಪದ್ಧತಿ ನನಗೆ ಅಳತೆಪಟ್ಟಿಗಿಂತ ಜಾಸ್ತಿ ಇಷ್ಟ. ಹೊಟ್ಟೆ ಉರಿಯುವುದು ಎಲ್‌ಇಡಿ ಮೀನುಗಾರಿಕೆ ನೆನೆದಾಗ. 2017ರಲ್ಲೇ ಕೇಂದ್ರ ನಿಷೇಧಿಸಿದೆ, ದೂರು ಮಾತ್ರ ನಿಂತಿಲ್ಲ. ಕತ್ತಲಲ್ಲಿ ಟಾರ್ಚಿನ ಹಾಗೆ ಬೆದರಿಸದೆ, ಹಗಲಿನಂಥ ಬೆಳಕು ಬಿಟ್ಟು ಮರಿಮೀನನ್ನೂ ಸೆಳೆದು ಬಾಚಿದರೆ ನಾಡದೋಣಿಯವರಿಗೆ ಏನು ಉಳಿಯುತ್ತದೆ?

ಕಳೆದ ಅಮಾವಾಸ್ಯೆಗೆ ಎರಡು ಗಂಟೆ ಗಾಳ ಹಾಕಿದರೂ ಏನೂ ಸಿಗಲಿಲ್ಲ. ದೂರದಲ್ಲಿ ಮೋಟಾರ್ ಬೋಟಿನ ಸದ್ದು. ಇಂಥ ಹೊತ್ತಿಗೆಂದೇ ಟಾರ್ಚ್ ಕೈಯಲ್ಲಿರಬೇಕು, ಇಲ್ಲಿನ ನಿಯಮ. ಹಚ್ಚಿದೆ. ನೀಲಿಯೆಲ್ಲ ಮಾಯ. ಅಪ್ಪಯ್ಯ ಹೇಳಿದ ಹಾಗೆ ಮೀನು ಓಡಿತು, ಮುಲೆಟ್ ಹಿಂಡು ಪಟಪಟ ಹಾರಿತು. ಒಂದು ಸೀದಾ ನನ್ನ ಕಾಲ ಮೇಲೆ ಬಿತ್ತು. ನನ್ನಂಥವರಿಗೆ ಮುಲೆಟ್‌ಗೆ ಅಳತೆಯ ಕಟ್ಟಳೆ ಇಲ್ಲ. ಮರುದಿನ ಮಧ್ಯಾಹ್ನ ಸಾರು.