ಇದು ದಂಡವೋ, ಮೀಟರ್ ಬಡ್ಡಿ ವಸೂಲಿಯೋ?

ಟ್ರಾಫಿಕ್ ಪೊಲೀಸರೇ, ಆ ಡೆಲಿವರಿ ಹುಡುಗನ ಗಾಡಿ ಕೀ ಕಿತ್ಕೊಂಡಿದ್ದು ಯಾಕೆ? ಮೊದಲು ಅದನ್ನ ಹೇಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ.

ಹುಡುಗ ಹೆಲ್ಮೆಟ್ ಹಾಕಿದ್ದ. ಡಿಎಲ್ ಇತ್ತು, ಇನ್ಶೂರೆನ್ಸ್ ಇತ್ತು, ಎಮಿಷನ್ ಸರ್ಟಿಫಿಕೇಟೂ ಇತ್ತು. ಬೆನ್ನ ಮೇಲೆ ಊಟದ ಬ್ಯಾಗು. ಮಷೀನಲ್ಲಿ ನಂಬರ್ ಒತ್ತಿದ್ದೇ ತಡ, ಹದಿನೇಳು ಹಳೇ ಕೇಸು, 8,500 ರೂಪಾಯಿ ಬಾಕಿ. "ಸರ್, ಸೆಕೆಂಡ್ ಹ್ಯಾಂಡ್ ಗಾಡಿ ಸರ್, ಇವೆಲ್ಲ ನಾನು ತಗೊಳ್ಳೋಕೆ ಮುಂಚಿನವು." "ಗಾಡಿ ಯಾರದ್ದಾದ್ರೆ ನಂಗೇನೋ? ನಂಬರ್ ಇದೇ ತಾನೆ? ಕಟ್ಟು, ತಗೊಂಡ್ಹೋಗು." ಅವನು ಫೋನ್ ತೆಗೆದು ಬ್ಯಾಲೆನ್ಸ್ ನೋಡಿದ. ಅದನ್ನೂ ಬಗ್ಗಿ ನೋಡಿದರು! "ಅಣ್ಣಂಗೆ ಮಾಡು, ಫ್ರೆಂಡ್‌ಗೆ ಮಾಡು, ಯಾರ್ಗಾದ್ರೂ ಮಾಡು." ಸಿಗ್ನಲ್ಲಿನಲ್ಲಿ ನಿಂತ ಜನರೆಲ್ಲ ನೋಡ್ತಿದ್ದಾರೆ, ಇವನು ಮನೆಯವರ ಹತ್ರ ದುಡ್ಡು ಕೇಳ್ತಿದ್ದಾನೆ. ನಡುನಡುವೆ ಊಟ ಎಲ್ಲಿ ಅಂತ ಕಸ್ಟಮರ್ ಫೋನು. "ಬಂದೆ ಮೇಡಂ, ಎರಡೇ ನಿಮಿಷ" ಅಂತಾನೆ, ಕೀ ಇನ್ನೊಬ್ಬರ ಜೇಬಲ್ಲಿ.

ಅಲ್ರೀ, ಬಾಕಿ ಚಲನ್ ಅಂದ್ರೆ ಸಾಲ ಅಲ್ಲ, ಆರೋಪ. ಸ್ಥಳದಲ್ಲೇ ದುಡ್ಡು ಕಟ್ಟಿ ಮುಗಿಸೋದು ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ರಾಜಿ. ಒಪ್ಪದಿದ್ದರೆ ಕೋರ್ಟಿಗೆ ಹೋಗ್ತೀನಿ ಅನ್ನೋ ಹಕ್ಕಿದೆ. ಆ ಮಾತನ್ನ ಅವನಿಗೆ ಒಬ್ಬರೂ ಹೇಳಲಿಲ್ಲ. ಗಾಡಿ ಹಿಡಿದಿಡೋಕೆ ಇರೋದು 207ನೇ ಕಲಂ. ಅದರಲ್ಲಿ ಲೈಸೆನ್ಸ್, ನೋಂದಣಿ, ಪರ್ಮಿಟ್ ವಿಷಯ ಇದೆ. ಹಳೇ ದಂಡ ಬಾಕಿ ಅನ್ನೋ ಮಾತು ಎಲ್ಲೂ ಇಲ್ಲ. ಇನ್ನು ಬರೀ ಜುಲ್ಮಾನೆಯ ಅಪರಾಧಕ್ಕೆ ಆರು ತಿಂಗಳಾದ ಮೇಲೆ ಕೋರ್ಟ್ ಕೇಸನ್ನೇ ಕೈಗೆತ್ತಿಕೊಳ್ಳುವಂತಿಲ್ಲ. ಹಿಂದೆ ಸಿಆರ್‌ಪಿಸಿ, ಅಂದ್ರೆ ಅಪರಾಧ ಪ್ರಕ್ರಿಯಾ ಸಂಹಿತೆಯ 468ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 514. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಕೋರ್ಟ್ ಮನ್ನಿಸಬಹುದು, ಅದು ಬೇರೆ. ಆದರೆ ಕಾರಣ ಕೊಡಬೇಕಾದ್ದು ಕೋರ್ಟಿನ ಮುಂದೆ. ಫುಟ್‌ಪಾತ್ ಮೇಲಲ್ಲ!

ಹಾಗಂತ ಅಲ್ಲೇ ಕಾಯ್ದೆ ಮಾತಾಡಿ ಅಂತ ಯಾರಿಗೆ ಹೇಳೋದು? ಕೋರ್ಟಿಗೆ ಹೋದರೆ ಒಂದು ದಿನದ ದುಡಿಮೆ ಹೋಯ್ತು. ವಕೀಲರ ಫೀಸೇ ದಂಡಕ್ಕಿಂತ ಜಾಸ್ತಿ. ಹೋಗ್ಲಿ ಕಟ್ಟಿಬಿಡಪ್ಪ ಅನ್ನೋದೇ ವಾಸಿ ಅನ್ಸುತ್ತೆ. ಅದಕ್ಕೂ ಹೊಟ್ಟೆ ಉರಿಯುತ್ತೆ. ಅವತ್ತೇ ಪೂರ್ತಿ ಕಟ್ಟಿದವನಿಗೆ ಏನೂ ಇಲ್ಲ. ವರ್ಷಗಟ್ಟಲೆ ಕಟ್ಟದೇ ಇದ್ದವನಿಗೆ 2023ರ ಫೆಬ್ರವರಿಯಲ್ಲಿ ಅರ್ಧ ಮಾಫಿ, 2025ರಲ್ಲಿ ಮತ್ತೆ ಅರ್ಧ ಮಾಫಿ. ಆ ತಾರೀಕು ತಪ್ಪಿಸಿಕೊಂಡ ಬಡವ ಮಾತ್ರ ರಸ್ತೆ ಮಧ್ಯ ಕಳ್ಳ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ದಯವಿಟ್ಟು ಕೇಳಿ. ದುಡ್ಡು ಕೊಡೋಕೆ ಮುಂಚೆ ಆ ನಂಬರಿನ ಬಾಕಿ ನೋಡಿ. ಬೆಂಗಳೂರಲ್ಲಾದರೆ ಟ್ರಾಫಿಕ್ ಪೊಲೀಸರ ಅಸ್ತ್ರಂ ಆ್ಯಪ್ ಅಥವಾ ಬೆಂಗಳೂರು ಒನ್ ಕೌಂಟರು ಸಾಕು. ಚಲನ್ ಜೊತೆ ಫೋಟೊ ಇದ್ದರೆ ತೆಗೆದು ಗಾಡಿಯ ಬಣ್ಣ, ಮಾಡೆಲ್, ಪ್ಲೇಟಿನ ಒಂದೊಂದು ಅಕ್ಷರ ಹೋಲಿಸಿ. 3 ಅನ್ನು 8 ಅಂತ ಓದಿರಬಹುದು, ಇಲ್ಲಾ ಯಾರೋ ನಕಲಿ ಪ್ಲೇಟ್ ಹಾಕ್ಕೊಂಡು ಓಡಾಡ್ತಿರಬಹುದು. ತಪ್ಪಿದ್ದರೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಾರೋರು ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗಿಟ್ಟು ಮರೆತುಬಿಡ್ತಾರೆ. ಆ ಫಾರಂ ಅವನ ಡ್ರಾಯರಿನಲ್ಲೇ ಕೊಳೆಯುತ್ತೆ, ಕೇಸು ಮಾರಿದವರ ಹೆಸರಿಗೇ ಬೀಳ್ತಾ ಇರುತ್ತೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸೋದು ಮಾರಿದವರ ಹೊಣೆ. ವಾಟ್ಸ್ಆ್ಯಪಿನಲ್ಲಿ "ಆರ್‌ಟಿಒ ಚಲನ್" ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲು) ಬಂದರೆ ಮುಟ್ಟಲೇಬೇಡಿ, ಬ್ಯಾಂಕ್ ಖಾತೆ ಖಾಲಿ ಆಗುತ್ತೆ.

ಈಗ ಅಧಿಕಾರದಲ್ಲಿರೋ ಯಾರಾದ್ರೂ ಸರಿ, ಉತ್ತರ ಕೊಡಿ. ಕ್ಯಾಮೆರಾ ಕೇಸಾದರೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟಲ್ಲಿ ಸೇರಿದ 167ಎ ನಿಯಮ ಆಗಲೇ ಹೇಳಿತ್ತು. ಆ ಹದಿನೇಳರಲ್ಲಿ ಕ್ಯಾಮೆರಾ ಕೇಸು ಎಷ್ಟು? ಎಷ್ಟಕ್ಕೆ ನೋಟಿಸ್ ಹೋಗಿತ್ತು? ಯಾವ ವಿಳಾಸಕ್ಕೆ ಹೋಗಿತ್ತು, ಯಾರು ಸಹಿ ಮಾಡಿ ತಗೊಂಡರು? ರಸ್ತೆಯಲ್ಲಿ ದುಡ್ಡು ಕೇಳೋಕೆ ಮುಂಚೆ ಆ ಕಾಗದ ತೋರಿಸಿ.