ದೂತಿ ಸುಮ್ನೆ ನಗಿಸೋಕೆ ಬಂದವಳಲ್ಲ

ಉತ್ತರ ಕರ್ನಾಟಕದ ಜನಪದ ಆಟ ಶ್ರೀಕೃಷ್ಣ ಪಾರಿಜಾತದಲ್ಲಿ ಬರುವ ದೂತಿ ಬರೀ ನಗಿಸುವ ಪಾತ್ರ, ಅವಳಿಲ್ಲದಿದ್ದರೂ ಕಥೆ ನಡೆಯುತ್ತದೆ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಆ ಮುನಿಸನ್ನು ನಮ್ಮ ಮನೆಮಾತಿಗೆ ಇಳಿಸುವವಳೇ ದೂತಿ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಒಮ್ಮೆ ಬೆಳತನಕ ಕೂತು ಈ ಆಟ ನೋಡಿದ್ದೇನೆ. ದೂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾಗವತನ ಕಡೆ ತಿರುಗಿ, 'ಒಂದು ಹೂವಿಗೆ ಇಷ್ಟ್ಯಾಕ ರಂಪ?' ಎಂದಳು. ಗಂಡಸರೆಲ್ಲ ಜೋರಾಗಿ ನಕ್ಕರು. ನನ್ನ ಪಕ್ಕದ ಅಜ್ಜಿ ಮಾತ್ರ ನಗಲಿಲ್ಲ. 'ಹೂವಿಗಲ್ಲವ್ವ, ತನ್ನ ಮರೆತದ್ದಕ್ಕ' ಎಂದು ಮೆಲ್ಲಗೆ ಅಂದಳು. ಆ ಮಾತು ಹೊರಬಂದದ್ದು ದೂತಿಯ ನಗೆಯಿಂದಲೇ ಅಲ್ವಾ? ಅವಳನ್ನು ತೆಗೆದರೆ ಭಾಮೆ ಬರೀ ಹಟಮಾರಿ ರಾಣಿಯಾಗಿ ಉಳಿಯುತ್ತಾಳೆ.