ಚಿಕ್ಕಮ್ಮನ ಅರ್ಜಿ ಮತ್ತು ನಮ್ಮೂರ ಗ್ರಾಮಸಭೆ

ನಿನ್ನೆ ಊರಿನ ಗ್ರಾಮಸಭೆಗೆ ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ.

ನಮ್ಮದು ಕುದುರೆಮುಖ ಕಾಡಿನ ಅಂಚಿನ ಊರು ಅಂತ ನಿಮಗೆಲ್ಲ ಗೊತ್ತೇ ಇದೆ. ಹೆಸರು ಬೇಡ. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆದಾಗ ನಾನು ಹೈಸ್ಕೂಲು. ಕತ್ತಲಾದ ಮೇಲೆ ನಾಯಿ ಬೊಗಳಿದರೆ ಅಮ್ಮ ದೀಪ ಆರಿಸುತ್ತಿದ್ದಳು. ಬಂದವರು ಅನ್ನ ಕೇಳುವವರೋ, ಅವರಿಗೆ ಅನ್ನ ಹಾಕಿದಿರಾ ಅಂತ ಕೇಳುವವರೋ ತಿಳಿಯುತ್ತಿರಲಿಲ್ಲ.

2025ರ ಜನವರಿ 8ಕ್ಕೆ ಆರು ಜನ ನಕ್ಸಲರು ಮುಖ್ಯಮಂತ್ರಿ ಎದುರು ಶರಣಾದರಲ್ವಾ, ಅವತ್ತು ಅಮ್ಮ ಟಿವಿ ಮುಂದೆ ಕೂತು ಅತ್ತಳು. ಇನ್ನಾದರೂ ನಮ್ಮ ಮಾತಿಗೆ ಬೆಲೆ ಬರುತ್ತದೆ ಅಂದುಕೊಂಡೆ.

ನಿನ್ನೆ ಸಭೆ ಹನ್ನೊಂದಕ್ಕೆ ಅಂದಿದ್ದರು. ಶುರುವಾಗಿದ್ದು ಹನ್ನೆರಡೂವರೆಗೆ. ಮೊದಲು ಸಹಿ ಪುಸ್ತಕ ಬಂತು. ಸಹಿ ಹಾಕಿದವರಲ್ಲಿ ಅರ್ಧ ಜನ ಹಾಗೇ ಬಸ್ಸಿಗೆ ಹೋದರು. ಆಮೇಲೆ ಫಲಾನುಭವಿಗಳ ಪಟ್ಟಿ ಓದಿದರು. ಓದಿ ಮುಗಿಯುವ ಮೊದಲೇ ಮೇಲಿನ ಮನೆ ಚಿಕ್ಕಮ್ಮ ಎದ್ದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ತಾವಿರುವ ಕಾಡಂಚಿನ ಜಾಗಕ್ಕೆ ಹಾಕಿದ ಅರಣ್ಯ ಹಕ್ಕು ಅರ್ಜಿಯ ಜೆರಾಕ್ಸ್, ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. "ಎಪ್ಪತ್ತೈದು ವರ್ಷದ ದಾಖಲೆ ತನ್ನಿ ಅಂತಾರೆ. ನಮ್ಮ ಮಾವ ನೆಟ್ಟ ಹಲಸಿನ ಮರ ಉಂಟು, ಬಂದು ನೋಡಿ" ಅಂದರು. ಉತ್ತರ ಕೊಡಬೇಕಾಗಿದ್ದ ಅಧಿಕಾರಿ ಬಂದೇ ಇರಲಿಲ್ಲ. "ಕೂತ್ಕೊಳ್ಳಿ ಅಮ್ಮಾ, ಬರ್ಕೊಂಡಿದೀವಿ" ಅಂದರು ವೇದಿಕೆಯಲ್ಲಿದ್ದವರು. ಬರೆದುಕೊಳ್ಳುವವನ ಪೆನ್ನು ಅಲುಗಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ನೋಡಿದೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ತಗೊಂಡು, ಪರಿಶೀಲಿಸಿ, ಮೊದಲ ನಿರ್ಣಯ ಮಾಡುವುದೇ ಗ್ರಾಮಸಭೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿಯೇ, ನಿಯಮದಲ್ಲೇ ಇದೆ. ನಿನ್ನೆ ಸಭೆಯಲ್ಲಿ ಎಂಬತ್ತು ದಾಟಿದ ಅಜ್ಜಂದಿರು ಮೂವರು ಇದ್ದರು. ಅವರನ್ನು ಒಂದು ಮಾತು ಕೇಳಲಿಲ್ಲ.

ಇನ್ನು ಗ್ರಾಮಸಭೆಯಿಂದ ಅರ್ಜಿ ಮೇಲೆ ಹೋಯಿತು ಅಂದುಕೊಳ್ಳಿ. ಉಪವಿಭಾಗದ ಸಮಿತಿಯಲ್ಲಿ, ಜಿಲ್ಲಾ ಸಮಿತಿಯಲ್ಲಿ ಅಧಿಕಾರಿಗಳ ಜೊತೆ ಪಂಚಾಯ್ತಿಯ ಚುನಾಯಿತ ಸದಸ್ಯರೂ ಇರಬೇಕು. ನಮ್ಮ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಚಿಕ್ಕಮ್ಮನ ಪರ ಮಾತಾಡಬೇಕಾದ ಕುರ್ಚಿಯಲ್ಲಿ ಯಾರು ಕೂರಬೇಕು? 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ನಡೆಸಿ, ಅಂದಿನ ಪಂಚಾಯ್ತಿ ರಾಜ್ ಸಚಿವ ನಜೀರ್ ಸಾಬ್ ಅಂಥವರನ್ನು ಕಂಡ ರಾಜ್ಯ ಇದು. ನಾಚಿಕೆಯಾಗುತ್ತದೆ.

"ಪಂಚಾಯ್ತಿ ಅಂದ್ರೆ ಬರೀ ಜಗಳ, ಪಾರ್ಟಿ, ಕಮಿಷನ್ನು. ರಸ್ತೆ, ಟವರು ಹಾಕಿಸಿಬಿಟ್ರೆ ಸಾಕು" ಅಂತಾನೆ ನನ್ನ ಗೆಳೆಯ. ರಸ್ತೆ ಬೇಕು, ಇಲ್ಲ ಅನ್ನುವುದಿಲ್ಲ. ನಮ್ಮ ಹಳ್ಳಕ್ಕೆ ಈಗಲೂ ಅಡಿಕೆ ಮರದ ಕಾಲುಸಂಕವೇ. ಆದರೆ ಊರಿಗೆ ಬಂದೂಕು ಬಂದಿದ್ದು ರಸ್ತೆ ಇಲ್ಲ ಅಂತ ಮಾತ್ರ ಅಲ್ಲ. ರಾಷ್ಟ್ರೀಯ ಉದ್ಯಾನ ಅಂತ ಗಡಿ ಎಳೆದಾಗ "ನಮ್ಮನ್ನ ಎಬ್ಬಿಸ್ತಾರಾ?" ಅನ್ನುವ ಪ್ರಶ್ನೆಗೆ ಕೂತು ಉತ್ತರ ಹೇಳುವವರಿರಲಿಲ್ಲ. ಕೇಳಿಸಿಕೊಂಡವರು ಕಾಡಿನಿಂದ ಬಂದರು. ಪಂಚಾಯ್ತಿಯಲ್ಲಿ ಜಗಳ ಇದ್ದರೆ ಇರಲಿ ಬಿಡಿ. ಬಾಯಲ್ಲಿ ಆಡುವ ಜಗಳ ತಾನೇ?

ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಗಳೂರಿಗೆ ಹೋದ ಮೇಲೆ ಹನ್ನೊಂದು ವರ್ಷ ನಾನೂ ಈ ಸಭೆಗೆ ಕಾಲಿಟ್ಟಿರಲಿಲ್ಲ. ವೋಟು ಇಲ್ಲೇ ಇದೆ, ಆದರೂ. ನಿನ್ನೆ ಚಿಕ್ಕಮ್ಮ ಕವರು ಮಡಚಿ ಸೆರಗಿನೊಳಗೆ ಇಟ್ಟುಕೊಂಡು, "ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಗಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಳೆ ಬೆಳಿಗ್ಗೆ ಪಂಚಾಯ್ತಿಗೆ ಹೋಗಿ ನಡಾವಳಿಯ ನಕಲು ಕೇಳುತ್ತೇನೆ. ಚಿಕ್ಕಮ್ಮನ ಮಾತು ಅದರಲ್ಲಿ ಇಲ್ಲದಿದ್ದರೆ ಲಿಖಿತ ಆಕ್ಷೇಪಣೆ ಕೊಡುತ್ತೇನೆ. ಮೂವರು ಅಜ್ಜಂದಿರ ಹೇಳಿಕೆ ಬರೆಸಬೇಕು. ಕಾನೂನು ಗೊತ್ತಿರುವವರು ಯಾರಾದರೂ ಬರುವುದಾದರೆ ಹೇಳಿ, ಊಟ ನಮ್ಮ ಮನೆಯಲ್ಲೇ.